ಸಮಕ್ಕೆ ಕಾಯುತ್ತಿದ್ದ ಕ್ಯಾಮೆರಾ

ಕ್ಯಾಮೆರಾ ಕಣ್ಣಿಗೆ ಹಿಡಿದಾಗ ಕಾಕಾ ಅವರ ತುಟಿಗಳು ಅಲುಗುತ್ತಿದ್ದವು. ಎಡಗಣ್ಣು ಗಟ್ಟಿಯಾಗಿ ಮುಚ್ಚಿರುತ್ತಿತ್ತು, ನರೆತ ಮೀಸೆಯ ಕೆಳಗೆ ತುಟಿ ಮಾತ್ರ ಸಣ್ಣಗೆ ಆಡುತ್ತಿತ್ತು. ವೇದಿಕೆಯ ಬದಿಯಲ್ಲಿ ಮಂಡಿಯೂರಿ ಕೂತ ಅವರನ್ನು ಮೊದಲ ಸಲ ನೋಡಿದವರು ಈ ಮನುಷ್ಯ ಏನೋ ಜಪ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಕೊಲ್ಲಾಪುರದ ಒಂದು ಸಂಗೀತ ಕಚೇರಿಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ಎಂಥ ಭಕ್ತಿವಂತ ಫೋಟೋಗ್ರಾಫರ್ ಎಂದು ಕೈ ಮುಗಿದೇಬಿಟ್ಟಿದ್ದಳು. ನನಗೆ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಳ್ಳಬೇಕಾಯಿತು. ಕಾಕಾ ಹೇಳಿಕೊಳ್ಳುತ್ತಿದ್ದದ್ದು ತಬಲಾದ ಬೋಲುಗಳನ್ನು. ಧಿನ್ ಧಿನ್ ಧಾಗೆ ತಿರಕಿಟ ಎಂದು ತಬಲಾದ ಜೊತೆಜೊತೆಗೇ ಹೋಗಿ, ತಾಳ ಒಂದು ಸುತ್ತು ಮುಗಿಸಿ ಮತ್ತೆ ಮೊದಲ ಹೊಡೆತಕ್ಕೆ, ಅಂದರೆ ಸಮಕ್ಕೆ, ಬಂದು ಬೀಳುವ ಕ್ಷಣದಲ್ಲಿ ಅವರ ಬೆರಳು ಗುಂಡಿ ಒತ್ತುತ್ತಿತ್ತು. ಆ ತುಟಿಗಳು ಲೆಕ್ಕ ತಪ್ಪಿದ್ದನ್ನೂ ನಾನೇ ಮೊದಲು ನೋಡಿದೆ. ಅದು ನನ್ನ ಕಣ್ಣಿಗೇ ಯಾಕೆ ಬಿತ್ತೋ ಎಂದು ಇಂದಿಗೂ ಹಳಹಳಿಸುತ್ತೇನೆ.

ಅವರ ಕ್ಯಾಮೆರಾ ಹಳೆಯದು. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಎದ್ದು ಬಿದ್ದು ‘ಖಟಕ್’ ಎಂದು ಸಪ್ಪಳವಾಗುತ್ತಿತ್ತು. ಮದುವೆಮನೆಯಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಶಾಸ್ತ್ರೀಯ ಸಂಗೀತದ ಸಭೆಯಲ್ಲಿ ಮಾತ್ರ ಹಿಂದಿನ ಸಾಲಿನವರಿಗೂ ಕೇಳುತ್ತದೆ. ಅದಕ್ಕೇ ಕಾಕಾ ಸಮಕ್ಕೆ ಕಾಯುತ್ತಿದ್ದರು. ತಬಲಾದ ಗಟ್ಟಿ ಹೊಡೆತ, ಗಾಯಕರು ಬಂದು ಇಳಿಯುವ ಸ್ವರ, ಸಭೆಯ ‘ವಾಹ್’ ಎಲ್ಲ ಕೂಡಿ ಬಂದಾಗ ಅವರ ‘ಖಟಕ್’ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಆಲಾಪದ ಹೊತ್ತಿನಲ್ಲಿ ತಬಲಾ ಇರುವುದಿಲ್ಲ, ತಂಬೂರಿ ಮತ್ತು ಕಂಠ ಎರಡೇ. ಆಗ ಕಾಕಾ ಕ್ಯಾಮೆರಾವನ್ನು ತೊಡೆಯ ಮೇಲೆ ಮಲಗಿಸಿ, ಮೇಲೊಂದು ಟವೆಲ್ ಹೊದಿಸಿ, ಸುಮ್ಮನೆ ಕೂತು ಕೇಳುತ್ತಿದ್ದರು. ಪತ್ರಿಕೆಯವರು ಬಂದು ಆಲಾಪದ ನಡುವೆಯೇ ಖಟಖಟ ಹೊಡೆದು ಹೋಗುವುದನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. “ಒಬ್ಬರ ಮನಿಗೆ ಹೋದ್ರ ಚಪ್ಪಲಿ ಹೊರಗ ಬಿಡ್ತೀವಿಲ್ಲೋ? ಆಲಾಪ ಅಂದ್ರ ಹಾಡಾವ್ರ ದೇವರಮನಿ ಇದ್ದಂಗ,” ಎನ್ನುತ್ತಿದ್ದರು.

ಅವರು ನನಗೆ ಸಂಬಂಧದಿಂದ ಕಾಕಾ ಅಲ್ಲ. ಇಚಲಕರಂಜಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ ಇತ್ತು, ಅದೇ ಸಂಬಂಧ. ನಮ್ಮ ಹಿರಿಯರಂತೆ ಅವರ ಹಿರಿಯರೂ ಘಟಪ್ರಭೆಯ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ಮರಾಠಿ, ಸಿಟ್ಟು ಬಂದರೆ ಎರಡೂ. ನನ್ನ ಅಪ್ಪ ಬೇರೆಯವರ ಮಗ್ಗ ನಡೆಸುತ್ತಿದ್ದ, ಅವ್ವ ಅದೇ ಶೆಡ್ಡಿನಲ್ಲಿ ಕಾಂಡಿಗೆ, ಅಂದರೆ ಲಾಳಿಯೊಳಗಿನ ನಳಿಗೆಗೆ, ನೂಲು ಸುತ್ತುತ್ತಿದ್ದಳು. ಕಾಕಾ ಹರೆಯದಲ್ಲಿ ಜಾಬರ್ ಆಗಿದ್ದರು, ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವರು. ಸಾಲುಸಾಲು ವಿದ್ಯುತ್ ಮಗ್ಗಗಳು ಹೊಡೆದುಕೊಳ್ಳುವ ಶೆಡ್ಡಿನಲ್ಲಿ ಯಾವ ಮಗ್ಗ ಕೆಟ್ಟಿದೆ ಎಂದು ತಿಳಿಯಲು ಕಿವಿಯನ್ನು ಕಬ್ಬಿಣಕ್ಕೆ ಹಚ್ಚುವುದೇ ಅವರ ಕೆಲಸ. ಆ ಕೆಲಸ ಬಿಟ್ಟು ಸಣ್ಣದೊಂದು ಸ್ಟುಡಿಯೋ ಹಾಕಿದ ಮೇಲೆ ಪಾಸ್‌ಪೋರ್ಟ್ ಫೋಟೋ, ಮದುವೆ, ಕೂಸಿಗೆ ಹೆಸರಿಡುವ ಬಾರಸೆ ಎಂದು ಹೊಟ್ಟೆಪಾಡು ನಡೆಯಿತು. ಕಚೇರಿಗಳ ಫೋಟೋ ಮಾತ್ರ ತಮ್ಮ ಜೀವಕ್ಕಾಗಿ ತೆಗೆಯುತ್ತಿದ್ದರು. ಕೊಲ್ಲಾಪುರ, ಜಯಸಿಂಗಪುರ, ಗಡಹಿಂಗ್ಲಜ ಎಲ್ಲಿ ಹಾಡು ಅಂದರೂ ಬಸ್ಸು ಹತ್ತಿ ಹೊರಟೇಬಿಡುತ್ತಿದ್ದರು.

ನಾನು ಹಾಡಲು ಕಲಿತದ್ದು ಅವರಿಂದಾಗಿ. ಅವರಿಗೇನೂ ಹಾಡಲು ಬರುತ್ತಿರಲಿಲ್ಲ. ಅವ್ವನಿಗೆ ಊಟ ಒಯ್ದಾಗ ನಾನು ಶೆಡ್ಡಿನ ಬಾಗಿಲಲ್ಲಿ ಕೂತು ರೇಡಿಯೋದ ಭಾವಗೀತೆ ಒದರುತ್ತಿದ್ದೆ. ಅದನ್ನು ಕೇಳಿ ಕಾಕಾ ಅಪ್ಪನ ಬೆನ್ನು ಹತ್ತಿದರು. ಕೊಲ್ಲಾಪುರದಲ್ಲಿ ಒಬ್ಬ ಗಾಯಕಿ ಇದ್ದಾರೆ, ಎಲ್ಲರೂ ಬಾಯಿಯವರು ಎನ್ನುತ್ತಾರೆ, ಹಾಡು ಕಲಿಸುತ್ತಾರೆ, ಕಳಿಸು ಎಂದರು. ಹುಡುಗಿ ಹಾಡಿ ಏನು ಮಾಡಬೇಕಾಗಿದೆ ಎಂದು ಅಪ್ಪ ಗೊಣಗಿದ. “ಈ ಪೋರಿ ಮಗ್ಗದ ಗದ್ದಲದಾಗ ಸುರ ಬಿಡದ ಹಾಡತಾಳ. ಗದ್ದಲಿಲ್ಲದ ಜಾಗಾದಾಗ ಹೆಂಗ ಹಾಡಬಹುದು, ನೀನ ವಿಚಾರ ಮಾಡು,” ಎಂದು ಕಾಕಾ ಹೇಳಿದ್ದು ನನಗೆ ನೆನಪಿದೆ. ಅಪ್ಪ ವಿಚಾರ ಮಾಡಿದನೋ, ಇವರ ಕಾಟ ತಪ್ಪಿದರೆ ಸಾಕು ಅಂದುಕೊಂಡನೋ, ಅಂತೂ ಹೂಂ ಅಂದ. ಮುಂದೆ ಪ್ರತಿ ಭಾನುವಾರ ಕಾಕಾ ನನ್ನನ್ನು ಎಸ್‌ಟಿ ಬಸ್ಸಿನಲ್ಲಿ ಕೊಲ್ಲಾಪುರಕ್ಕೆ ಕರೆದೊಯ್ದು, ಪಾಠ ಮುಗಿಯುವ ತನಕ ಬಾಯಿಯವರ ಮನೆಯ ಮೆಟ್ಟಿಲ ಮೇಲೆ ಕೂತಿದ್ದು ಕರೆತರುತ್ತಿದ್ದರು. ವಾಪಸು ಬಸ್ಸಿನಲ್ಲಿ ಅವರು ಕೊಡುತ್ತಿದ್ದ ಅಭಿಪ್ರಾಯ ಒಂದೇ ಒಂದು. ಚೆನ್ನಾಗಿದ್ದರೆ “ಇವತ್ತ ಬೆರಳು ಎದ್ದಿತು ನೋಡ,” ಇಲ್ಲದಿದ್ದರೆ “ಇವತ್ತ ಬೆರಳು ಏಳಲಿಲ್ಲ.” ಅಂದರೆ ಕ್ಯಾಮೆರಾದ ಗುಂಡಿ ಒತ್ತಬೇಕು ಅನ್ನಿಸಿತೋ ಇಲ್ಲವೋ ಎಂಬುದು. ಬಾಯಿಯವರು ಹೊಗಳಿದ ದಿನ ಇವರ ಬೆರಳು ಎದ್ದಿರದಿದ್ದರೆ ನಾನು ಮನೆ ಮುಟ್ಟುವವರೆಗೂ ಮಾತು ಬಿಡುತ್ತಿದ್ದೆ. ಅವರೇನೂ ಸೋಲುತ್ತಿರಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಒಂದು ವಡಾ ಕೊಡಿಸಿ ಸುಮ್ಮನಾಗುತ್ತಿದ್ದರು.

ಫೋಟೋದ ವಿಷಯದಲ್ಲಿ ಅವರದು ವಿಪರೀತ ಹಟ. ಬಾಯಿ ಪೂರ್ತಿ ತೆರೆದ ಗಾಯಕನ ಚಿತ್ರ ಬಂದರೆ ಅದನ್ನು ಹಲ್ಲಿನ ಡಾಕ್ಟರಿಗೆ ಕೊಡಬೇಕು ಎನ್ನುವರು. ಅದಕ್ಕಿಂತ ದೊಡ್ಡ ಅಪರಾಧ ಹಾಡುವವರು ಕ್ಯಾಮೆರಾದತ್ತ ನೋಡಿದ್ದು. ಅಂಥ ಚಿತ್ರ ಎಷ್ಟೇ ಚೆಂದ ಬಂದಿರಲಿ, ಅಳಿಸಿಹಾಕುತ್ತಿದ್ದರು. ನಾನು ಯಾಕೆ ಎಂದು ಕೇಳಿದ್ದಕ್ಕೆ, “ಅವ್ರು ನನ್ನ ನೋಡಿದ್ರು ಅಂದ್ರ ಅವ್ರ ಹಾಡಿನ್ಯಾಗ ನಾ ಅಡ್ಡ ಬಂದಂಗಾತು,” ಎಂದಿದ್ದರು. ಅವರ ಸ್ಟುಡಿಯೋದ ಗೋಡೆಯ ಮೇಲೆ ಎಷ್ಟೋ ಮಂದಿ ಹಾಡುವವರಿದ್ದರು, ಕಣ್ಣು ಮುಚ್ಚಿದವರು, ತಬಲಾದವನತ್ತ ತಿರುಗಿ ನಗುವವರು, ಮೇಲೆ ಎಲ್ಲೋ ನೋಡುವವರು. ಒಬ್ಬರೂ ನಮ್ಮನ್ನು ನೋಡುತ್ತಿರಲಿಲ್ಲ.

ಕಿವಿ ಹೋಗುತ್ತಿದೆ ಎಂದು ಮೊದಲು ಯಾರಿಗೂ ಗೊತ್ತಾಗಲಿಲ್ಲ. ಕಾಕಾ ತಬಲಾದವರನ್ನು ಬೈಯತೊಡಗಿದರು. ಈಗಿನವರ ಕೈಯಲ್ಲಿ ಬಲವೇ ಇಲ್ಲ, ಬೆಳಗ್ಗೆ ಉಂಡಿರುವುದಿಲ್ಲವೇನೋ ಎನ್ನುವರು. ಆಮೇಲೆ ಮೈಕಿನವನನ್ನು ಬೈದರು. ಆಮೇಲೆ ತಮ್ಮ ಹೆಂಡತಿಯನ್ನು, ನಮ್ಮ ಕಾಕುವನ್ನು, ಬೈದರು, ಇತ್ತೀಚೆಗೆ ನೀನು ಬಾಯೊಳಗೇ ಮಾತಾಡುತ್ತೀ ಎಂದು. ಕಾಕು ನಮ್ಮ ಗಲ್ಲಿಯಲ್ಲೇ ದೊಡ್ಡ ದನಿಯ ಹೆಂಗಸು. ಅವಳು ಬಾಯೊಳಗೆ ಮಾತಾಡುತ್ತಾಳೆ ಎಂದು ಕೇಳಿ ಗಲ್ಲಿಯೆಲ್ಲ ನಕ್ಕಿತು. ಕಾಕು ಮಾತ್ರ ನಗಲಿಲ್ಲ. ಮರುದಿನ ಬೆಳಗ್ಗೆ ನಮ್ಮ ಮನೆಗೆ ಬಂದು, ಇವರನ್ನು ಡಾಕ್ಟರಿಗೆ ತೋರಿಸಬೇಕು, ನೀನೂ ಬಾ ಎಂದಳು.

ಕೊಲ್ಲಾಪುರದ ಡಾಕ್ಟರು ಪರೀಕ್ಷೆ ಮಾಡಿ, ಮಗ್ಗದ ಸಪ್ಪಳದಲ್ಲಿ ಕಳೆದ ವರ್ಷಗಳಿಂದ ಕಿವಿಯ ನರ ಸತ್ತಿದೆ, ಇನ್ನೂ ಸಾಯುತ್ತದೆ, ಔಷಧ ಇಲ್ಲ ಎಂದರು. ಮಗ್ಗ ಬಿಟ್ಟು ಎಷ್ಟೋ ಕಾಲವಾಯಿತಲ್ಲ ಎಂದು ನಾನು ಜಗಳಕ್ಕೇ ನಿಂತೆ. ಡಾಕ್ಟರೇನು ಮಾಡಿಯಾರು. ಅವರು ಒಂದು ಕಿವಿಯ ಮಷೀನು ಬರೆದುಕೊಟ್ಟರು. ಕಾಕಾ ಅದನ್ನು ಆಸೆಯಿಂದ ಹಾಕಿಕೊಂಡು, ಅಂದೇ ಸಂಜೆ ನನ್ನನ್ನು ಸ್ಟುಡಿಯೋಕ್ಕೆ ಕರೆದು, ತಂಬೂರಿ ಆ್ಯಪ್ ಹಚ್ಚಿ ಹಾಡು ಎಂದರು. ನಾನು ಹಾಡಿದೆ. ಸ್ವಲ್ಪ ಹೊತ್ತಿಗೇ ಕೈಯೆತ್ತಿ ನಿಲ್ಲಿಸಿ ಮಷೀನು ಕಿತ್ತು ಮೇಜಿನ ಮೇಲಿಟ್ಟರು. “ಮಾತು ಕೇಳತೈತಿ. ಹಾಡು ಹಾಡಿನಂಗ ಕೇಳೂದಿಲ್ಲ ಯವ್ವಾ. ಮಗ್ಗಾ ಹೊಡದಂಗ ಕೇಳತೈತಿ,” ಎಂದರು. ಅವರ ಮುಖ ನೋಡಲಾಗದೆ ನಾನು ಗೋಡೆಯ ಫೋಟೋಗಳನ್ನು ನೋಡುತ್ತ ನಿಂತೆ.

ಅಲ್ಲಿಂದ ಮುಂದೆ ಅವರು ಮಾಡದ ಉಪಾಯವಿಲ್ಲ. ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟುಕೊಂಡರು. ಆಜರಾದ ಗುಡ್ಡದ ಕಡೆ ಒಬ್ಬ ಬೇರಿನ ಔಷಧ ಕೊಡುತ್ತಾನೆ ಎಂದು ಯಾರೋ ಹೇಳಿದ್ದಕ್ಕೆ ಮಳೆಯಲ್ಲಿ ತೋಯ್ದುಕೊಂಡು ಹೋಗಿ ಬಂದರು. ಸೋಮವಾರ ಒಪ್ಪತ್ತು ಹಿಡಿದರು. ದೇವರು ದಿಂಡರು ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯ ಗುಡಿಯ ಗಂಟೆಯ ಕೆಳಗೆ ನಿಂತು, ಗಂಟೆ ಹೊಡೆಯುತ್ತ, ಅದು ಎಷ್ಟು ಕೇಳುತ್ತದೆ ಎಂದು ನೋಡುತ್ತಿದ್ದರು. ಒಂದು ದಿನ ಸ್ಟುಡಿಯೋದ ಬಾಗಿಲು ಅರೆ ಮುಚ್ಚಿಕೊಂಡು, ಮೊಬೈಲನ್ನು ತಲೆಬುರುಡೆಗೆ ಒತ್ತಿ ಹಿಡಿದು ಯಾವುದೋ ಹಳೆಯ ಕಚೇರಿಯ ರೆಕಾರ್ಡಿಂಗ್ ಹಚ್ಚಿ ಕೂತಿದ್ದರು. ದನಿ ಪೂರ್ತಿ ಏರಿಸಿದ್ದರಿಂದ ಹೊರಗೆ ರಸ್ತೆಯಲ್ಲಿ ಹೋಗುವವರಿಗೆಲ್ಲ ಹಾಡು ಕೇಳುತ್ತಿತ್ತು. ನಾನು ಬಂದದ್ದೂ ಅವರಿಗೆ ತಿಳಿಯಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆಗಲೇ ಅವರು ನನ್ನ ಕಚೇರಿಯ ಹಿಂದೆ ಬಿದ್ದದ್ದು. ನಾನಿನ್ನೂ ಪೂರ್ತಿ ಕಚೇರಿಯನ್ನು ಒಬ್ಬಳೇ ಮಾಡಿರಲಿಲ್ಲ, ಬಾಯಿಯವರ ಹಿಂದೆ ತಂಬೂರಿ ಹಿಡಿದು ಕೂತು ಒಂದೊಂದು ಸ್ವರ ಕೂಡಿಸುವುದಷ್ಟೇ. ನಿನ್ನ ಕಚೇರಿ ಯಾವಾಗ, ಯಾವಾಗ ಎಂದು ಕಾಕಾ ದಿನಾ ಕೇಳುವರು. ಮೊದಮೊದಲು ಚೇಷ್ಟೆಯ ದನಿಯಲ್ಲಿ ಕೇಳುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡರು. “ಲಗೂ ಮಾಡ ಯವ್ವಾ. ಸ್ವಲ್ಪರ ಕೇಳಸಾಕತ್ತೈತಿ ಈಗ. ಮುಂದ ಅದೂ ಇರೂದಿಲ್ಲ,” ಎಂದರು. ಬಸ್ಸಿನ ತುಂಬ ಜನ. ಅವರಿಗೆ ತಮ್ಮ ದನಿಯ ಅಳತೆ ತಪ್ಪಿತ್ತು, ಎಲ್ಲರೂ ನಮ್ಮತ್ತ ತಿರುಗಿ ನೋಡಿದರು.

ನಾನು ಬಾಯಿಯವರ ಕಾಲಿಗೆ ಬಿದ್ದೆ. ಬಾಯಿಯವರು ಮೆತ್ತನೆಯ ದನಿಯ, ಕಲ್ಲಿನಂಥ ಹೆಂಗಸು. ನಿನ್ನ ಆಲಾಪ ಇನ್ನೂ ಹಣ್ಣಾಗಿಲ್ಲ, ಒಬ್ಬರ ಕಿವಿಗಾಗಿ ರಾಗವನ್ನು ಅವಸರ ಮಾಡಬಾರದು ಎಂದು ಮರಾಠಿಯಲ್ಲಿ ಹೇಳಿ ಎದ್ದುಹೋದರು. ಮೆಟ್ಟಿಲ ಮೇಲೆ ಕಾಕಾ ಕಾಯುತ್ತಿದ್ದರು. ನಾನು ತಲೆ ಅಲ್ಲಾಡಿಸಿದೆ. ಅವರು ಚಪ್ಪಲಿ ಮೆಟ್ಟಿಕೊಂಡರು.

ಬಾಯಿಯವರ ಮನಸ್ಸು ತಿರುಗಿದ್ದು ಅವರದೇ ಕಚೇರಿಯಲ್ಲಿ, ಅದೂ ಕಾಕಾ ಮಾಡಿದ ಅನಾಹುತದಿಂದ. ಕೊಲ್ಲಾಪುರದಲ್ಲಿ ಬಾಯಿಯವರು ಹಾಡುತ್ತಿದ್ದರು, ನಾನು ಹಿಂದೆ ತಂಬೂರಿ ಹಿಡಿದಿದ್ದೆ. ಕಾಕಾ ಎಂದಿನಂತೆ ವೇದಿಕೆಯ ಎಡಬದಿಗಿದ್ದರು. ತಬಲಾ ಸರಿಯಾಗಿ ಕೇಳದ್ದರಿಂದ ಅವರು ಆ ದಿನಗಳಲ್ಲಿ ತಬಲಾದವನ ಕೈ ನೋಡಿಕೊಂಡು ಸಮ ಹಿಡಿಯುತ್ತಿದ್ದರು. ನನಗೆ ಅದು ಗೊತ್ತಿತ್ತು, ಹೇಗೋ ನಡೆಯುತ್ತಿದೆಯಲ್ಲ ಎಂದು ಧೈರ್ಯವೂ ಇತ್ತು. ಬಾಯಿಯವರ ಆಲಾಪ ಮಂದ್ರದಲ್ಲಿತ್ತು, ಸಭೆ ಉಸಿರು ಹಿಡಿದಿತ್ತು. ತಬಲಾದವನು ಕೈಗೆ ಪುಡಿ ಹಚ್ಚಿಕೊಂಡು ತಬಲಾದ ಮುಖದ ಮೇಲೆ ಸದ್ದಿಲ್ಲದೆ ಬೆರಳಾಡಿಸುತ್ತಿದ್ದ. ಎಲ್ಲ ತಬಲಾದವರೂ ಹಾಗೆ ಮಾಡುತ್ತಾರೆ. ಕಾಕಾ ಅದನ್ನು ಕಂಡು ಠೇಕಾ, ಅಂದರೆ ತಾಳದ ನುಡಿಕೆ, ಶುರುವಾಯಿತು ಅಂದುಕೊಂಡರು. ಅವರ ತುಟಿ ಆಡತೊಡಗಿದ್ದನ್ನು ನಾನು ನೋಡಿದೆ. ಕೂಗಲಾರೆ, ಏಳಲಾರೆ, ತಂತಿ ಮೀಟುವ ಕೈ ಬಿಡಲಾರೆ. ‘ಖಟಕ್’ ಎಂದಿತು. ಸಭೆಯೆಲ್ಲ ಆ ಕಡೆ ತಿರುಗಿತು. ಮತ್ತೆ ‘ಖಟಕ್’. ಬಾಯಿಯವರು ಸ್ವರ ನಿಲ್ಲಿಸಿ, ಕಣ್ಣು ತೆರೆದು, ಕಾಕಾನತ್ತ ನೋಡಿದರು. ಆಗ ಇನ್ನೊಂದು.

ಮಧ್ಯಂತರದಲ್ಲಿ ಕಾಕಾ ನನ್ನ ಹತ್ತಿರ ಬಂದು, ಬಾಯಿಯವರು ಇವತ್ತು ಯಾಕೋ ಕ್ಯಾಮೆರಾದತ್ತ ನೋಡಿಬಿಟ್ಟರು, ಚಿತ್ರ ಕೆಟ್ಟಿತು, ಅಳಿಸಿದೆ ಎಂದರು. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಅವರಿಗೆ ಗೊತ್ತೇ ಆಗಿರಲಿಲ್ಲ. ಕಚೇರಿ ಏರ್ಪಡಿಸಿದ್ದ ಸಂಘದವರು ಮರ್ಯಾದಸ್ಥರು, ನಮ್ಮ ಹುಡುಗರೇ ಇನ್ನು ಮುಂದೆ ಫೋಟೋ ತೆಗೆಯುತ್ತಾರೆ, ನಿಮಗೆ ತೊಂದರೆ ಬೇಡ ಎಂದಷ್ಟೇ ಹೇಳಿ ಕಳಿಸಿದರು. ಈಗ ಎಲ್ಲರೂ ಮೊಬೈಲಿನಲ್ಲಿ ತೆಗೆಯುತ್ತಾರೆ, ನಮ್ಮಂಥವರು ಯಾರಿಗೆ ಬೇಕು ಎಂದು ಕಾಕಾ ವಾಪಸು ದಾರಿಯಲ್ಲಿ ನೊಂದುಕೊಂಡರು. ಅದನ್ನೇ ನಂಬಿಕೊಂಡಿರಲಿ ಎಂದು ನಾನು ಹೌದ್ರಿ ಕಾಕಾ, ಹೌದ್ರಿ ಎಂದೆ. ಮುಂದಿನ ಭಾನುವಾರ ಬಾಯಿಯವರು ಪಾಠ ಶುರುಮಾಡುವ ಮೊದಲು, ದಿವಾಳಿ ಹಬ್ಬಕ್ಕೆ ಗಡಹಿಂಗ್ಲಜದಲ್ಲಿ ನೀನು ಹಾಡು, ನಾನು ಅವರಿಗೆ ಹೇಳಿದ್ದೇನೆ ಎಂದರು. ಆಲಾಪ ಹಣ್ಣಾಗಿದೆಯೇ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ದಿವಾಳಿಯ ದಿನ ನಸುಕಿನಲ್ಲಿ ಎಣ್ಣೆಸ್ನಾನ ಮಾಡಿ, ಹೊಸ ಬಟ್ಟೆ ಉಟ್ಟು, ಊರ ಜನ ಹಾಡು ಕೇಳಲು ಸೇರುವುದು ನಮ್ಮ ಕಡೆಯ ರೂಢಿ. ಪಹಾಟ್ ಎನ್ನುತ್ತಾರೆ. ಗಡಹಿಂಗ್ಲಜದ ಸಂಘದವರಿಗೆ ಕೊಲ್ಲಾಪುರದ ಸುದ್ದಿ ಮುಟ್ಟಿತ್ತು. ಆ ಫೋಟೋದವರು ಬೇಡ ಎಂದು ಫೋನು ಮಾಡಿದರು. ಅವರಿಲ್ಲದಿದ್ದರೆ ನಾನೂ ಬರುವುದಿಲ್ಲ ಎಂದೆ. ನನ್ನ ಮೊದಲ ಕಚೇರಿ, ನನ್ನನ್ನು ಕೇಳುವವರು ಯಾರು ಎಂಬ ಹೆದರಿಕೆ ಇರಬೇಕಿತ್ತು, ಇರಲಿಲ್ಲ. ಅವರು ಬಾಯಿಯವರ ಮುಖ ನೋಡಿ ಒಪ್ಪಿದರು, ಆದರೆ ಸಪ್ಪಳ ಮಾಡದ ಹೊಸ ಕ್ಯಾಮೆರಾ ತರಲಿ ಎಂದರು. ಉದಗಾಂವದ ನನ್ನ ಗೆಳತಿಯ ಅಣ್ಣನ ಹತ್ತಿರ ಅಂಥದೊಂದಿತ್ತು. ಕತ್ತಲಲ್ಲಿ ಚೆನ್ನಾಗಿ ಬರುತ್ತದಂತೆ ಎಂದು ನೆಪ ಹೇಳಿ ಕಾಕಾಗೆ ತಂದುಕೊಟ್ಟೆ. ಅವರು ಒಂದು ದಿನ ಇಟ್ಟುಕೊಂಡು ಮರಳಿಸಿದರು. ಒತ್ತಿದೆನೋ ಇಲ್ಲವೋ ಬೆರಳಿಗೇ ತಿಳಿಯುವುದಿಲ್ಲ, ತಮ್ಮದರಲ್ಲಿ ಕನ್ನಡಿ ಬಿದ್ದದ್ದು ಕೈಗೆ ಹತ್ತುತ್ತದೆ ಎಂದರು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ತಬಲಾದವನಿಗೆ ಮಾತ್ರ ಕೈಮುಗಿದು ಕೇಳಿಕೊಂಡೆ, ನನ್ನ ಆಲಾಪ ಮುಗಿಯುವ ತನಕ ತಬಲಾ ಮುಟ್ಟಬೇಡ, ಎರಡೂ ಕೈ ಮಡಿಲಲ್ಲಿ ಇಟ್ಟುಕೋ ಎಂದು. ಅವನು ಹಾಗೇ ಮಾಡಿದ. ಅವನ ಉಪಕಾರ ಮರೆಯುವಂಥದಲ್ಲ.

ಬೆಳಕು ಹರಿಯುತ್ತಿತ್ತು. ಕಾಕಾ ಹೊಸ ಬಿಳಿ ಅಂಗಿ ತೊಟ್ಟು, ಮಷೀನು ತೆಗೆದು ಜೇಬಿಗಿಟ್ಟುಕೊಂಡು, ಎಡಬದಿಗೆ ಕೂತಿದ್ದರು. ನಾನು ಷಡ್ಜ ಹಿಡಿದೆ. ಕಾಕಾ ಕ್ಯಾಮೆರಾ ಎತ್ತಿದರು. ಮಡಿಲಲ್ಲಿದ್ದ ತಬಲಾದವನ ಕೈ ತಬಲಾದ ಮರೆಯಲ್ಲಿ ಕಾಣದ್ದಕ್ಕೆ, ಅವನು ನುಡಿಸುತ್ತಿದ್ದಾನೆ ಅಂದುಕೊಂಡು, ಅವರು ನನ್ನ ಕೈ ನೋಡುತ್ತಿದ್ದಾರೆ ಎಂದು ನನಗೆ ಹೊಳೆಯುವ ಹೊತ್ತಿಗೆ ತಡವಾಗಿತ್ತು. ನನಗೊಂದು ಕೆಟ್ಟ ಚಾಳಿ. ಸ್ವರಗಳಲ್ಲಿ ಅಡ್ಡಾಡಿ ಷಡ್ಜಕ್ಕೆ ಮರಳಿದಾಗ ಬಲಗೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ. ಬಾಯಿಯವರು ಅದಕ್ಕಾಗಿ ಬೈಯದ ದಿನವಿಲ್ಲ. ಕೈ ಬಿತ್ತು, ‘ಖಟಕ್’ ಎಂದಿತು. ಕಾಕಾ ಅದನ್ನು ಸಮ ಅಂದುಕೊಂಡರು. ನಾನು ಬೆಚ್ಚಿ ಅವರತ್ತ ನೋಡಿದೆ. ಅವರ ತುಟಿ ಆಡುತ್ತಿತ್ತು, ನನ್ನ ಕೈಯನ್ನೇ ಆಧಾರ ಮಾಡಿಕೊಂಡು ಇಲ್ಲದ ತಾಳವನ್ನು ಹೇಳಿಕೊಳ್ಳುತ್ತಿದ್ದರು. ಎರಡನೆಯ ಸಲ ಕೈ ಬೀಳುವ ಮೊದಲು ಅದನ್ನು ಬಿಗಿಹಿಡಿಯಬಹುದಿತ್ತು. ಆದರೆ ನನ್ನ ಕೈ ನಿಂತರೆ ಅವರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ ಅನ್ನಿಸಿತು. ಎಷ್ಟು ದಿನದಿಂದ ಈ ಒಂದು ಬೆಳಗಿಗಾಗಿ ಅವರು ಎಣ್ಣೆ, ಬೇರು, ಒಪ್ಪತ್ತು ಎಂದು ಒದ್ದಾಡಿದ್ದರು. ಕೈ ಬೀಳಲಿ ಎಂದು ಬಿಟ್ಟೆ. ಖಟಕ್. ಸಭೆಯಲ್ಲಿ ಗುಸುಗುಸು ಎದ್ದಿತು. ಸಂಘದವನೊಬ್ಬ ಬಗ್ಗಿಕೊಂಡು ಕಾಕಾನತ್ತ ಹೋಗತೊಡಗಿದ. ನಾನು ಹಾಡುತ್ತಲೇ ಅವನನ್ನು ದುರುಗುಟ್ಟಿ ನೋಡಿದೆ, ಅವನು ಅಲ್ಲೇ ಕೂತ. ಮತ್ತೆ ಕಾಕಾನತ್ತ ನೋಡಿದೆ. ಕೊನೆಗೆ ತಡೆಯಲಾಗದೆ, ಆಲಾಪವನ್ನು ಮಧ್ಯ ಸಪ್ತಕದಲ್ಲೇ ಕೈಬಿಟ್ಟು, ತಬಲಾದ ಜೊತೆ ಹಾಡುವ ಬಂದಿಶ್ ಎತ್ತಿಕೊಂಡೆ. ತಬಲಾ ಬಂತು. ಕಾಕಾನ ಸಪ್ಪಳ ಅದರಲ್ಲಿ ಮುಚ್ಚಿತು. ಅಲ್ಲಿಂದ ಕೊನೆಯವರೆಗೆ ನಾನು ಹೇಗೆ ಹಾಡಿದೆ ಎಂದು ನನಗೆ ನೆನಪಿಲ್ಲ. ಚೆನ್ನಾಗಿತ್ತು ಎಂದರು. ಬಾಯಿಯವರು ಮಾತ್ರ ನನ್ನ ತಲೆಯ ಮೇಲೆ ಕೈಯಿಟ್ಟರು.

ಮರುದಿನ ಕಾಕಾ ಸ್ಟುಡಿಯೋದಲ್ಲಿ ಕಂಪ್ಯೂಟರಿಗೆ ಚಿತ್ರ ಹಾಕಿ ನನ್ನನ್ನು ಕರೆದರು. ಚಕ್ಕಲಿ, ಚುರುಮುರಿಯ ತಟ್ಟೆ ಪಕ್ಕದಲ್ಲಿತ್ತು, ಕಿವಿಯಲ್ಲಿ ಮಷೀನಿತ್ತು, ಬಹಳ ಖುಷಿಯಲ್ಲಿದ್ದರು. ಮೊದಲ ಚಿತ್ರದಲ್ಲಿ ನಾನು ಕ್ಯಾಮೆರಾದತ್ತ ನೋಡುತ್ತಿದ್ದೆ. ಹೊಸ ಹಾಡುಗಾರ್ತಿ, ಹೆದರಿದ್ದಾಳೆ ಎಂದು ನಗುತ್ತ ಮುಂದಿನದಕ್ಕೆ ಹೋದರು. ಅದರಲ್ಲೂ ನೋಡುತ್ತಿದ್ದೆ. ಅದರ ಮುಂದಿನದರಲ್ಲೂ. ಪರದೆಯ ತುಂಬ ನನ್ನ ಕಣ್ಣುಗಳೇ, ಅಗಲವಾಗಿ ತೆರೆದುಕೊಂಡು ನೇರ ಅವರನ್ನು ನೋಡುತ್ತಿದ್ದವು. ಕಾಕಾನ ನಗು ನಿಂತಿತು. ಮೌಸಿನ ಮೇಲಿನ ಕೈ ನಿಂತಿತು. ಆಮೇಲೆ ನನ್ನತ್ತ ತಿರುಗದೆ ಕೇಳಿದರು.

“ಆಲಾಪದಾಗ ಸಪ್ಪಳ ಆತೇನು?”

ಸುಳ್ಳು ಹೇಳಲು ಬಾಯಿ ತೆರೆದೆ, ಆಮೇಲೆ ಹೌದೆಂದು ತಲೆಯಾಡಿಸಿದೆ.

“ಬಾಯಿಯವ್ರ ಕಚೇರಿಯಾಗೂ?”

ಮತ್ತೆ ತಲೆಯಾಡಿಸಿದೆ. ಕಾಕಾ ಕೈಯಿಂದ ಬಾಯಿ ಮುಚ್ಚಿಕೊಂಡರು. ಡಾಕ್ಟರು ಔಷಧ ಇಲ್ಲ ಎಂದಾಗ ಅವರು ಹೀಗೆ ಕುಸಿದಿರಲಿಲ್ಲ.

“ಎಷ್ಟು ಮಂದಿ ಆಲಾಪ ಕೆಡಿಸೇನಿ ಯವ್ವಾ ನಾ? ಯಾರೂ ಒಂದ ಮಾತು ಹೇಳಲಿಲ್ಲಲ್ಲ.”

ನಾನು ಅವರ ಮಷೀನಿನ ಹತ್ತಿರ ಬಾಯಿಟ್ಟು, ನಿಮ್ಮಿಂದ ಏನೂ ಕೆಟ್ಟಿಲ್ಲ, ನನ್ನ ಕೈ ನಾನೇ ನಿಲ್ಲಿಸಲಿಲ್ಲ, ಆಲಾಪ ಅರ್ಧಕ್ಕೆ ಬಿಟ್ಟದ್ದೂ ನಾನೇ, ನೀವು ಇಲ್ಲದಿದ್ದರೆ ನಾನು ಇವತ್ತು ಅವ್ವನಂತೆ ಕಾಂಡಿ ಸುತ್ತುತ್ತಿದ್ದೆ ಎಂದೆಲ್ಲ ಕೂಗಿದೆ. ಎಷ್ಟು ಕೇಳಿಸಿತೋ ತಿಳಿಯದು. ಅವರು ಮಷೀನು ತೆಗೆದಿಟ್ಟರು. ಆಮೇಲೆ ನನ್ನನ್ನು ನೋಡುತ್ತಿದ್ದ ಆ ಚಿತ್ರಗಳನ್ನು ಒಂದೊಂದಾಗಿ ಅಳಿಸತೊಡಗಿದರು. ನಾನು ಕೈ ಹಿಡಿದೆ, ಬೇಡ ಎಂದು ಅತ್ತೆ. ಬಿಡಿಸಿಕೊಂಡು ಅಳಿಸಿದರು. ಎಲ್ಲ ಮುಗಿದ ಮೇಲೆ ಕುರ್ಚಿ ತಿರುಗಿಸಿ, ನಾನು ಸಣ್ಣವಳಿದ್ದಾಗ ಬಸ್ಸಿನಲ್ಲಿ ಮಾತಾಡುತ್ತಿದ್ದ ದನಿಯಲ್ಲಿ ಹೇಳಿದರು.

“ಹಾಡೂವಾಗ ಯಾರ ಕಡೀನೂ ನೋಡಬ್ಯಾಡ. ನನ್ನ ಕಡೆ ಅಂತೂ ನೋಡಲೇಬ್ಯಾಡ. ಅರ್ಧಕ್ಕ ಬಿಟ್ಟೆಲ್ಲ ಆಲಾಪ, ಅದನ್ನ ನಾ ಹೆಂಗ ತಡಕೊಳ್ಳಲಿ?”

ಅಂದಿನಿಂದ ಅವರು ಕ್ಯಾಮೆರಾ ಮುಟ್ಟಲಿಲ್ಲ. ಪಾಸ್‌ಪೋರ್ಟ್ ಫೋಟೋಗಳನ್ನೂ ಬೇರೆ ಅಂಗಡಿಗೆ ಕಳಿಸುತ್ತಿದ್ದರು. ನಾನು ಕಚೇರಿಗೆ ಕರೆದರೆ ಜೊತೆಗೆ ಬರುವರು, ಸಭಾಗೃಹದ ಬಾಗಿಲ ತನಕ ನನ್ನ ಚೀಲ ಹಿಡಿದುಕೊಂಡು ಬಂದು, ಅಲ್ಲಿಂದ ಹಿಂದೆ ಸರಿದು, ಎದುರಿನ ಚಹಾದಂಗಡಿಯಲ್ಲಿ ಕೂತುಬಿಡುವರು. ಕ್ಯಾಮೆರಾ ಇಲ್ಲವಲ್ಲ, ಒಳಗೆ ಬರಲು ಏನು ಎಂದು ಜಗಳ ಮಾಡಿದೆ. ಬರಲಿಲ್ಲ. ಕಚೇರಿ ಮುಗಿದು ಜನ ಹೊರಬೀಳುವಾಗ ಅವರು ಎದ್ದು ನಿಂತು, ಬರುವವರ ಮುಖಗಳನ್ನು ಒಬ್ಬೊಬ್ಬರದಾಗಿ ನೋಡುತ್ತಿದ್ದರು, ನಾನು ಹೇಗೆ ಹಾಡಿದೆ ಎಂದು ತಿಳಿಯಲು. ಅದನ್ನು ಕಂಡಾಗಲೆಲ್ಲ ನನಗೆ ಈ ಹಾಡೇ ಬೇಡ ಅನ್ನಿಸುತ್ತಿತ್ತು.

ಮುಂದಿನ ದಿವಾಳಿಯನ್ನು ಅವರು ಕಾಣಲಿಲ್ಲ. ನಾನು ಪಾಠಕ್ಕೆ ಹೋಗಿದ್ದಾಗ ಎದೆನೋವು ಬಂದು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಗಲ್ಲಿಯ ಭಜನಾ ಮಂಡಳಿಯವರು ಚಟ್ಟದ ಮುಂದೆ ಹಾಡುತ್ತ ನಡೆದರು. ಮೃದಂಗ ಸಮಕ್ಕೆ ಬಂದಾಗಲೆಲ್ಲ ನನ್ನ ಕಿವಿ ‘ಖಟಕ್’ಗೆ ಕಾಯುತ್ತಿತ್ತು. ಶೆಡ್ಡುಗಳ ಮಗ್ಗ ಅಂದು ಸಂಜೆಯ ತನಕ ನಿಲ್ಲಿಸಿದ್ದರು.

ಈಗ ನಾನು ಅಲ್ಲಲ್ಲಿ ಹಾಡುತ್ತೇನೆ. ಫೋಟೋ ತೆಗೆಯುವವರು ಬರುತ್ತಾರೆ, ವೇದಿಕೆಯ ಸುತ್ತ ಅಡ್ಡಾಡುತ್ತಾರೆ, ಅವರ ಕ್ಯಾಮೆರಾಗಳು ಚೂರೂ ಸಪ್ಪಳ ಮಾಡುವುದಿಲ್ಲ. ಆಲಾಪಕ್ಕೆ ಕಣ್ಣು ಮುಚ್ಚುತ್ತೇನೆ. ಷಡ್ಜಕ್ಕೆ ಮರಳಿ ಕೈ ತೊಡೆಯ ಮೇಲೆ ಬೀಳುತ್ತಲೇ ಕಣ್ಣು ತೆರೆದು, ಕಾಕಾ ಕೂರುತ್ತಿದ್ದ ಎಡಬದಿಗೆ ಹೊರಳುತ್ತದೆ. ಎದುರಿಗೆ ಕೂತ ಬಾಯಿಯವರು ಹುಬ್ಬು ಗಂಟಿಕ್ಕುತ್ತಾರೆ, ಆದರೂ ನೋಡುತ್ತೇನೆ. ಕಾಕಾನ ಮಾತನ್ನು ನಾನು ಎಂದೂ ಮೀರಿದವಳಲ್ಲ. ಇದೊಂದು ಮಾತು ನಡೆಸಿಕೊಡಲು ನನ್ನಿಂದ ಆಗುತ್ತಿಲ್ಲ.